ಕೈಯ ಹತ್ತಿರದ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಕಂಪ್ಯೂಟರ್ ಕ್ಷೇತ್ರದ ಸಾಧನೆಗಳು’ ಎಂದು. ಸಾಧನೆಗಳ ಬಗ್ಗೆ ಮಾತನಾಡುವಷ್ಟು ದೊಡ್ಡವನು ನಾನಲ್ಲ. 1994ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೆಂಗಳೂರಿನಲ್ಲಿ ಒಂದೇ ಸಣ್ಣ ಕೆಲಸ ಮಾಡಿಕೊಂಡಿದ್ದೇನೆ. ನೀವು ಪರದೆ ಮುಟ್ಟುತ್ತೀರಿ, ಪೆನ್ನಿನಲ್ಲಿ ಗೀಚುತ್ತೀರಿ, ಮೌಸ್ ಅಲ್ಲಾಡಿಸುತ್ತೀರಿ. ಆಗ ಪರದೆಯ ಮೇಲೆ ಏನಾದರೂ ಕಾಣಬೇಕಲ್ಲ? ಕೈಗೂ ಕಣ್ಣಿಗೂ ನಡುವಿನ ಆ ಕೆಲಸ ನನ್ನದು. ಅದರ ಬಗ್ಗೆಯೇ ಮಾತನಾಡುತ್ತೇನೆ. ಅದಕ್ಕೊಂದು ಕಾರಣವೂ ಇದೆ. ಹೊಸ ಕಂಪ್ಯೂಟರ್ ಕೊಠಡಿಗಾಗಿ ನೀವೆಲ್ಲ ದುಡ್ಡು ಕೊಟ್ಟಿದ್ದೀರಿ. ಎರಡು ಕೊಟೇಶನ್ ಬಂದಿವೆ. ಯಾವುದು ಸರಿ ಹೇಳಪ್ಪ ಎಂದು ಸಂಘದವರು ನನ್ನನ್ನು ಕೇಳಿದರು. ದುಡ್ಡು ಕೊಟ್ಟವರೆಲ್ಲರ ಮುಂದೆಯೇ ಹೇಳುತ್ತೇನೆ ಎಂದು ಒಪ್ಪಿಕೊಂಡೆ.

ಮೊದಲು ಈ ಮೌಸ್ ನೋಡಿ. ನಮ್ಮ ಶಾಲೆಯ ಕೊಠಡಿಯಿಂದಲೇ ಕಡ ತಂದಿದ್ದೇನೆ, ಮೇಡಂ, ವಾಪಸ್ ಕೊಡುತ್ತೇನೆ. ಮಗುಚಿದರೆ ಕೆಳಗೆ ಕೆಂಪು ದೀಪ ಉರಿಯುತ್ತಿದೆ. ದೀಪದ ಪಕ್ಕದ ತೂತಿನೊಳಗೆ ಒಂದು ಪುಟ್ಟ ಕ್ಯಾಮೆರಾ ಇದೆ ಅಂದರೆ ಮಕ್ಕಳು ನಂಬಲಿಕ್ಕಿಲ್ಲ. ಇದೆ. ಈ ಬಗೆಯ ಮೌಸ್‌ಗಳು 1999ರ ಹೊತ್ತಿಗೆ ಅಂಗಡಿಗೆ ಬಂದಾಗ, ಆ ಕ್ಯಾಮೆರಾ ಅಗಲಕ್ಕೆ 16, ಉದ್ದಕ್ಕೆ 16, ಒಟ್ಟು 256 ಚುಕ್ಕೆಗಳ ಚಿತ್ರವನ್ನು ಸೆಕೆಂಡಿಗೆ 1500 ಸಲ ತೆಗೆಯುತ್ತಿತ್ತು. ಮೇಜಿನ ಮೇಲಿನ ಗೀರು, ಧೂಳು, ಕಾಗದದ ನಾರು ಇವುಗಳ ಚಿತ್ರ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿ, ಗೀರು ಎಷ್ಟು ಸರಿದಿದೆ ಎಂದು ನೋಡಿ, ಅಷ್ಟು ಮೌಸ್ ಸರಿದಿದೆ ಎಂದು ತಿಳಿಯುತ್ತದೆ.

ಈಗ ಲೆಕ್ಕ ಹಾಕಿ. 256 ಚುಕ್ಕೆ, 1500 ಸಲ, ಅಂದರೆ ಸೆಕೆಂಡಿಗೆ 3,84,000 ಚುಕ್ಕೆ. ಇಷ್ಟನ್ನೂ ವೈರಿನಲ್ಲಿ ಕಂಪ್ಯೂಟರಿಗೆ ಕಳಿಸಿ, ನೀನೇ ಹೋಲಿಸಿಕೋ ಎನ್ನಬಹುದಿತ್ತು. ಹಾಗೆ ಮಾಡಿಲ್ಲ. ಹೋಲಿಸುವ ಕೆಲಸ ಮೌಸ್‌ನ ಹೊಟ್ಟೆಯಲ್ಲೇ ನಡೆಯುತ್ತದೆ. ಸಾಮಾನ್ಯ ಮೌಸ್ ಸೆಕೆಂಡಿಗೆ 125 ಸಲ, ಪ್ರತಿ ಸಲ ಮೂರೋ ನಾಲ್ಕೋ ಬೈಟ್ ಸುದ್ದಿ ಮಾತ್ರ ಕಳಿಸುತ್ತದೆ: ಬಲಕ್ಕೆ ಇಷ್ಟು, ಮುಂದಕ್ಕೆ ಇಷ್ಟು, ಗುಂಡಿ ಒತ್ತಿದ್ದಾರೆ ಅಥವಾ ಇಲ್ಲ.

ನಮ್ಮ ಹಾಲಿನ ಡೇರಿಯ ಹಾಗೆ. ಬೆಳಗ್ಗೆ ಕ್ಯಾನ್ ತೆಗೆದುಕೊಂಡು ಹೋದರೆ ಅಳತೆ ಇಲ್ಲೇ, ಫ್ಯಾಟ್ ನೋಡುವುದೂ ಇಲ್ಲೇ, ಚೀಟಿ ಕೈಗೆ ಬರುವುದೂ ಇಲ್ಲೇ. ಬೆಣ್ಣೆ ತೆಗೆಯುವುದು, ಪುಡಿ ಮಾಡುವುದು ದೂರದ ಘಟಕದಲ್ಲಿ. ಫ್ಯಾಟ್ ಎಷ್ಟು ಎಂದು ಹೇಳುವುದಕ್ಕೂ ಹಾಲು ಲಾರಿ ಹತ್ತಿ ಹೋಗಿ ಸುದ್ದಿ ಸಂಜೆಗೆ ಬರುವಂತಿದ್ದರೆ ಸಾಲಿನಲ್ಲಿ ನಿಂತವರು ಸುಮ್ಮನಿರುತ್ತಿದ್ದರೇ? ಯಾವ ಲೆಕ್ಕ ಕೈಯ ಹತ್ತಿರ ನಡೆಯಬೇಕು, ಯಾವುದು ದೂರದಲ್ಲಿ ನಡೆದರೂ ನಡೆಯುತ್ತದೆ. ನನ್ನ ವೃತ್ತಿಯ ಮುಕ್ಕಾಲು ಪಾಲು ಜಗಳ ಇದೊಂದೇ.

ಈ ಜಗಳ ಹಳೆಯದು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ‘ಸ್ಕೆಚ್‌ಪ್ಯಾಡ್’ ಎಂಬ ಪ್ರೋಗ್ರಾಂ ಮಾಡಿದರು. ಬೆಳಕಿನ ಪೆನ್ನನ್ನು ಪರದೆಗೆ ಹಿಡಿದು ಗೆರೆ ಎಳೆಯಬಹುದಿತ್ತು, ಎಳೆದ ಗೆರೆಯನ್ನು ಹಿಡಿದು ಸರಿಸಬಹುದಿತ್ತು. ಆ ಪೆನ್ನು ಬೆಳಕು ಬಿಡುವುದಲ್ಲ, ಬೆಳಕು ಕಂಡರೆ ಸುದ್ದಿ ಕೊಡುವುದು. ಪರದೆಯ ಮೇಲೆ ಚುಕ್ಕೆ ಮಿನುಗಿದ ಕ್ಷಣಕ್ಕೂ ಪೆನ್ನು ‘ಕಂಡೆ’ ಎಂದ ಕ್ಷಣಕ್ಕೂ ತಾಳೆ ಹಾಕಿ, ಪೆನ್ನು ಎಲ್ಲಿದೆ ಎಂದು ಕಂಪ್ಯೂಟರ್ ತಿಳಿಯುತ್ತಿತ್ತು. ಟಿ.ಎಕ್ಸ್.-2 ಎಂಬ ಆ ಯಂತ್ರಕ್ಕೆ ಇದರ ಜೊತೆಗೆ ಇನ್ನೊಂದು ಚಾಕರಿ: ಚುಕ್ಕೆಗಳು ಆರಿಹೋಗದಂತೆ ಮತ್ತೆ ಮತ್ತೆ ಹಚ್ಚುತ್ತಿರುವುದು. ಒಬ್ಬನೇ ಅಡುಗೆಯವನು ಒಲೆಯನ್ನೂ ಊದಿ, ಎಲೆಯನ್ನೂ ಹಾಕಿ, ಬಡಿಸಿಯೂ ಬಂದಂತೆ.

ಚುಕ್ಕೆ ಹಚ್ಚುವುದಕ್ಕೆ ಬೇರೆ ಆಳು ಇಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಟ್ಟರು. ಆಳು ಪರದೆಯ ಪಕ್ಕದಲ್ಲಿ ಕೂತ. ಅವನಿಗೆ ಚುಕ್ಕೆ ಮಾತ್ರ ಬಂದರೆ ಸಾಲದು, ಗೆರೆಯೂ ಬರಲಿ ಎಂದರು. ಗೆರೆ ಬಂದಮೇಲೆ, ಹೇಳಿದ್ದನ್ನೇ ಹತ್ತು ಸಲ ಹೇಳುವುದೇಕೆ, ಒಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡು ತಾನೇ ಮಾಡಲಿ ಎಂದರು. ಹೀಗೆ ಕಲಿಸುತ್ತ ಕಲಿಸುತ್ತ ಆಳೇ ಒಂದು ಪೂರ್ತಿ ಕಂಪ್ಯೂಟರ್ ಆಗಿಬಿಟ್ಟ. ಆಗ ಅವನಿಗೂ ಅನ್ನಿಸಿತು, ಚುಕ್ಕೆ ಹಚ್ಚುವುದಕ್ಕೆ ನನಗೊಬ್ಬ ಆಳು ಬೇಕು! 1968ರಲ್ಲಿ ಮೈಯರ್ ಎಂಬುವರೂ ಇದೇ ಸದರ್ಲ್ಯಾಂಡರೂ ಸೇರಿ ಇದನ್ನು ಒಂದು ಲೇಖನವಾಗಿ ಬರೆದರು. ತಾವೇ ಒಂದು ಯಂತ್ರ ವಿನ್ಯಾಸ ಮಾಡುತ್ತ ಈ ಸುಳಿಯಲ್ಲಿ ಸಿಕ್ಕಿ ಸುತ್ತಿದ್ದನ್ನು ಮುಚ್ಚಿಡದೆ ಒಪ್ಪಿಕೊಂಡರು. ಅದಕ್ಕೆ ಅವರು ಇಟ್ಟ ಹೆಸರು ಪುನರ್ಜನ್ಮದ ಚಕ್ರ. ಅಮೆರಿಕದ ಇಂಜಿನಿಯರುಗಳ ಬಾಯಲ್ಲಿ ನಮ್ಮ ಹರಿಕಥೆ ದಾಸರ ಮಾತು! ಆ ಹೆಸರು ಈಗಲೂ ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಹೊಸದಾಗಿ ಸೇರಿದ ಹುಡುಗರು ಉತ್ಸಾಹದಿಂದ ಏನನ್ನಾದರೂ ಪರದೆಯ ಕಡೆಗೆ ತಳ್ಳೋಣ ಎಂದಾಗ ನಾವು ವಯಸ್ಸಾದವರು ಅದನ್ನು ನೆನಪಿಸಿ ಕಿರಿಕಿರಿ ಮಾಡುತ್ತೇವೆ.

ಶಾಲೆಯ ವಿಷಯವಾದ್ದರಿಂದ ಶಾಲೆಗೆಂದೇ ಹುಟ್ಟಿದ ಒಂದು ಏರ್ಪಾಡನ್ನು ಹೇಳಬೇಕು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ಪ್ಲೇಟೋ’ ಎಂದು ಒಂದಿತ್ತು. ಒಂದೇ ದೊಡ್ಡ ಕಂಪ್ಯೂಟರ್, ಅದಕ್ಕೆ ದೂರದೂರದಲ್ಲಿ ಮಕ್ಕಳ ಟರ್ಮಿನಲ್‌ಗಳು. 1972ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಮಾ ಪರದೆ, ಅಗಲಕ್ಕೆ 512 ಎತ್ತರಕ್ಕೆ 512 ಚುಕ್ಕೆ. ಮಗು ಬೆರಳಿನಿಂದ ಮುಟ್ಟಿದರೂ ಗೊತ್ತಾಗುತ್ತಿತ್ತು. ದೊಡ್ಡ ಕಂಪ್ಯೂಟರಿನಿಂದ ಬರುವ ತಂತಿಯಲ್ಲಿ ಸೆಕೆಂಡಿಗೆ ಸುಮಾರು 1200 ಬಿಟ್ ಅಷ್ಟೇ ಹರಿಯುತ್ತಿದ್ದದ್ದು. ಪರದೆಯ 2,62,144 ಚುಕ್ಕೆಗಳನ್ನೂ ಅಲ್ಲಿಂದ ಕಳಿಸಿದ್ದರೆ ಒಂದು ಪರದೆಗೆ ಮೂರೂವರೆ ನಿಮಿಷದ ಮೇಲಾಗುತ್ತಿತ್ತು. ಅಷ್ಟರಲ್ಲಿ ನಮ್ಮ ಮಕ್ಕಳು ಮೈದಾನದಲ್ಲಿರುತ್ತಿದ್ದರು. ಹಾಗಾಗಿ ಅಕ್ಷರಗಳ ಆಕಾರವನ್ನು ಟರ್ಮಿನಲ್ಲಿನಲ್ಲೇ ಇಟ್ಟರು, ಕಂಪ್ಯೂಟರ್ ‘ಇಂಥ ಅಕ್ಷರ’ ಎಂದರೆ ಸಾಕು. ಗೆರೆಯಾದರೆ ಎರಡು ತುದಿ ಹೇಳಿದರೆ ಸಾಕು, ನಡುವಿನ ಚುಕ್ಕೆಗಳನ್ನು ಟರ್ಮಿನಲ್ಲೇ ತುಂಬಿಕೊಳ್ಳುತ್ತಿತ್ತು. ಹೊತ್ತಿಕೊಂಡ ಚುಕ್ಕೆ ಆರಿಸುವ ತನಕ ತಾನಾಗಿಯೇ ಉರಿಯುವುದು ಪ್ಲಾಸ್ಮಾದ ಗುಣ, ಮತ್ತೆ ಮತ್ತೆ ಹಚ್ಚುವ ಚಾಕರಿಯೂ ತಪ್ಪಿತು. ಉತ್ತರ ಸರಿಯೋ ತಪ್ಪೋ ಎಂಬ ತೀರ್ಮಾನ ಮಾತ್ರ ದೂರದ ದೊಡ್ಡಣ್ಣನದು.

ಹತ್ತು ವರ್ಷ ಕಳೆದು, ಬೆಲ್ ಲ್ಯಾಬ್ಸ್‌ನಲ್ಲಿ ರಾಬ್ ಪೈಕ್ ಮತ್ತು ಬಾರ್ಟ್ ಲೊಕಾಂತಿ ‘ಬ್ಲಿಟ್’ ಎಂಬ ಟರ್ಮಿನಲ್ ಮಾಡಿದರು. ಅದರ ಪರದೆ 800ಕ್ಕೆ 1024. ಅದರಲ್ಲಿ ಸ್ವಂತ ಪ್ರೊಸೆಸರ್ ಇತ್ತು, ದೊಡ್ಡ ಕಂಪ್ಯೂಟರಿನಿಂದ ಪುಟ್ಟ ಪ್ರೋಗ್ರಾಂಗಳನ್ನು ಇಳಿಸಿಕೊಂಡು ತಾನೇ ನಡೆಸುತ್ತಿತ್ತು. 9600 ಬಿಟ್ ವೇಗದ ತಂತಿಯಲ್ಲಿ ಆ ಪರದೆಯಷ್ಟು ಚುಕ್ಕೆ ಕಳಿಸಲು ಸುಮಾರು ಒಂದೂವರೆ ನಿಮಿಷ ಬೇಕು. ಆದರೂ ಮೌಸ್ ಅಲ್ಲಾಡಿಸಿದರೆ ಬಾಣ ತಕ್ಷಣ ಅಲ್ಲಾಡುತ್ತಿತ್ತು, ಏಕೆಂದರೆ ಆ ಮಾತು ತಂತಿಯನ್ನೇ ಹತ್ತುತ್ತಿರಲಿಲ್ಲ. ಪೈಕ್ ಆಮೇಲೆ ಬರೆದ ‘ಸ್ಯಾಮ್’ ಎಂಬ ಪಠ್ಯ ತಿದ್ದುವ ಪ್ರೋಗ್ರಾಂ ನನಗೆ ಬಹಳ ಇಷ್ಟ. ಅದು ಎರಡು ಹೋಳು. ಪೂರ್ತಿ ಕಡತ ಇರುವುದು ದೊಡ್ಡ ಕಂಪ್ಯೂಟರಿನ ಹೋಳಿನಲ್ಲಿ. ಟರ್ಮಿನಲ್ಲಿನ ಹೋಳಿನಲ್ಲಿ ನೀವು ನೋಡಿದ ಭಾಗ ಮಾತ್ರ, ಉಳಿದ ಕಡೆ ತೂತು. ತೂತಿನ ಕಡೆ ಹೋದಾಗ ಆ ಭಾಗವನ್ನು ತರಿಸಿಕೊಳ್ಳುತ್ತದೆ. ಟೈಪ್ ಮಾಡಿದ ಅಕ್ಷರ ಇಲ್ಲೇ ಮೂಡುತ್ತದೆ, ಸುದ್ದಿ ಆಮೇಲೆ ಅಲ್ಲಿಗೆ ಹೋಗುತ್ತದೆ. ಹೀಗೆ ಹೋಳು ಮಾಡಿದವರಿಗೆಲ್ಲ ಬರುವ ತಲೆನೋವು ಒಂದೇ: ಇಲ್ಲಿ ಒಂದು ಬದಲಾಗಿ ಅಲ್ಲಿ ಇನ್ನೊಂದು ಬದಲಾದರೆ ಯಾರ ಮಾತು ನಡೆಯಬೇಕು?

ಆ ತಲೆನೋವಿನ ರುಚಿ ನನಗೆ ಗೊತ್ತಿದೆ. ನನ್ನ ಕಥೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿ ಶಾಲೆಗಳಿಗೆ ಕರಿಹಲಗೆಯಷ್ಟು ದೊಡ್ಡ ಟಚ್ ಪರದೆ ಮಾಡುತ್ತಿತ್ತು. ಕಂಪನಿಯ ಹೆಸರು ಬೇಡ. ಪೆನ್ನಿನ ಗೆರೆ ನನ್ನ ತಂಡದ ಜವಾಬ್ದಾರಿ. ನಾವು ಆರಿಸಿಕೊಂಡ ದಾರಿ ಸುಲಭದ್ದು. ಪರದೆ ಪೆನ್ನು ಎಲ್ಲಿದೆ ಎಂದು ಒಂದು ವೈರಿನಲ್ಲಿ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಗೆರೆ ಎಳೆದು ಪೂರ್ತಿ ಚಿತ್ರವನ್ನು ಇನ್ನೊಂದು ವೈರಿನಲ್ಲಿ ವಾಪಸ್ ಕಳಿಸುತ್ತದೆ, ಪರದೆ ಬಣ್ಣ ಗಿಣ್ಣ ಸರಿ ಮಾಡಿ ತೋರಿಸುತ್ತದೆ. ನಮ್ಮ ಲ್ಯಾಬಿನಲ್ಲಿ ಒಳ್ಳೆಯ ಕಂಪ್ಯೂಟರ್ ಇತ್ತು, ಚೆನ್ನಾಗಿಯೇ ಕಂಡಿತು. ಒಂದು ಸರ್ಕಾರಿ ಶಾಲೆಯಲ್ಲಿ ಪರೀಕ್ಷೆಗೆಂದು ಹಾಕಿದೆವು. ಅಲ್ಲಿದ್ದದ್ದು ಹಳೆಯ ಕಂಪ್ಯೂಟರ್. ವಿಜ್ಞಾನದ ಮೇಡಂ ಒಬ್ಬರು ಪೆನ್ನು ಹಿಡಿದು ‘ವಿಜ್ಞಾನ’ ಎಂದು ಬರೆಯಲು ಹೋದರು. ಇಂಗ್ಲಿಷಿನಲ್ಲಾದರೆ ಕೈ ಸರಸರ ಮುಂದಕ್ಕೆ ಹೋಗುತ್ತದೆ, ಗೆರೆ ಹಿಂದೆ ಬಿದ್ದರೂ ಓಡಿ ಬಂದು ಕೂಡಿಕೊಳ್ಳುತ್ತದೆ. ಕನ್ನಡ ಹಾಗಲ್ಲ. ಜಕಾರ ಬರೆದು ಕೈ ಎತ್ತಿ, ಕೆಳಗೆ ವಾಪಸ್ ಬಂದು ಒತ್ತಕ್ಷರ ಕೊಡಬೇಕು. ಎಲ್ಲಿ ಕೊಡಬೇಕು ಎಂದು ಕಣ್ಣು ನೋಡುವ ಹೊತ್ತಿಗೆ ಜಕಾರವೇ ಇನ್ನೂ ಪೂರ್ತಿ ಮೂಡಿರಲಿಲ್ಲ. ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಹೋಗಿ ಅಂಟಿತು. ಮಕ್ಕಳು ನಕ್ಕರು. ಮೇಡಂ ಮೂರು ಸಲ ಪ್ರಯತ್ನಿಸಿ, ಪೆನ್ನು ಕೆಳಗಿಟ್ಟು, ಪಕ್ಕದ ಕರಿಹಲಗೆಗೆ ಹೋಗಿ ಸೀಮೆಸುಣ್ಣದಲ್ಲಿ ಪಾಠ ಮುಂದುವರಿಸಿದರು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: “ಬೇಜಾರು ಮಾಡ್ಕೋಬೇಡಿ ಸಾರ್. ಸೀಮೆಸುಣ್ಣ ನನ್ನ ಮಾತು ಕೇಳುತ್ತೆ.”

ಬೇಜಾರಾಯಿತು. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಕ್ಯಾಮೆರಾದಲ್ಲಿ ಕೈಯನ್ನೂ ಗೆರೆಯನ್ನೂ ಒಟ್ಟಿಗೆ ಹಿಡಿದು ಎಣಿಸಿದೆ. ಪೆನ್ನು ಒಂದು ಜಾಗ ದಾಟಿ 31 ಚಿತ್ರ ಕಳೆದ ಮೇಲೆ ಗೆರೆ ಆ ಜಾಗಕ್ಕೆ ಬರುತ್ತಿತ್ತು. ಅಂದರೆ 130 ಮಿಲಿಸೆಕೆಂಡ್ ತಡ. ಕೇಳಲು ಏನೂ ಅಲ್ಲ, ಸೆಕೆಂಡಿನ ಎಂಟನೇ ಒಂದು ಭಾಗ. ಆದರೆ ಹಲಗೆಯ ಮೇಲೆ ಬರೆಯುವ ಕೈ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಗೆರೆ ಆರೂವರೆ ಸೆಂಟಿಮೀಟರ್ ಹಿಂದೆ. ಒಂದು ಅಕ್ಷರದಷ್ಟು ಹಿಂದೆ!

ನಾವು ಮಾಡಿದ ಪರಿಹಾರ ಹಳೆಯ ಚಕ್ರದ ಇನ್ನೊಂದು ಸುತ್ತು. ಪರದೆಯೊಳಗೆ ಹೇಗೂ ಒಂದು ಸಣ್ಣ ಪ್ರೊಸೆಸರ್ ಇತ್ತು. ಕಂಪ್ಯೂಟರಿನ ಚಿತ್ರ ಬರುವ ತನಕ ಕಾಯಬೇಡ, ಪೆನ್ನಿನ ತುದಿಯಲ್ಲಿ ನೀನೇ ಒಂದು ತಾತ್ಕಾಲಿಕ ಗೆರೆ ಎಳೆದುಬಿಡು ಎಂದು ಅದಕ್ಕೆ ಕಲಿಸಿದೆವು. ನಾವು ಅದನ್ನು ಹಸಿ ಗೆರೆ ಎನ್ನುತ್ತಿದ್ದೆವು. ಆಮೇಲೆ ಕಂಪ್ಯೂಟರಿನಿಂದ ಒಣ ಗೆರೆ ಬಂದಾಗ ಹಸಿ ಗೆರೆಯನ್ನು ಅಳಿಸುವುದು. ತಡ 30 ಮಿಲಿಸೆಕೆಂಡಿಗೆ ಇಳಿಯಿತು. ಸಿಹಿ ಹಂಚಿದೆವು.

ಮರುವಾರ ಅದೇ ಮೇಡಂ ಫೋನ್ ಮಾಡಿ, “ಸಾರ್, ಈಗ ಅಕ್ಷರ ಕುಣಿಯುತ್ತೆ” ಎಂದರು. ಹೋಗಿ ನೋಡಿದೆವು. ಕಂಪ್ಯೂಟರ್ ಕೈಯ ನಡುಕವನ್ನು ನುಣುಪು ಮಾಡಿ ಗೆರೆ ಎಳೆಯುತ್ತಿತ್ತು, ಪರದೆ ಇದ್ದದ್ದು ಇದ್ದ ಹಾಗೆ ಎಳೆಯುತ್ತಿತ್ತು. ಹಸಿ ಹೋಗಿ ಒಣ ಬಂದಾಗ ಪ್ರತಿ ಅಕ್ಷರವೂ ಕೂದಲೆಳೆಯಷ್ಟು ಜರುಗುತ್ತಿತ್ತು. ಅದಕ್ಕಿಂತ ದೊಡ್ಡ ಪೇಚು ಡಸ್ಟರಿನದು. ಬರೆದ ತಕ್ಷಣ ಅಳಿಸಿದರೆ ಕಂಪ್ಯೂಟರಿನಲ್ಲಿ ಅಳಿಸಿದೆ, ಪರದೆಯಲ್ಲಿ ಹಸಿ ಗೆರೆ ದೆವ್ವದ ಹಾಗೆ ಉಳಿದಿದೆ. ಪುಟ ತಿರುಗಿಸಿದರೆ ಹಿಂದಿನ ಪುಟದ ಗೆರೆ ಹೊಸ ಪುಟದ ಮೇಲೆ. ಸರಿಮಾಡಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಉಳಿದ ನಿಯಮ ಸರಳ: ಪ್ರತಿ ಗೆರೆಗೂ ಒಂದು ನಂಬರು. 17ನೇ ಗೆರೆ ನನ್ನ ಚಿತ್ರದಲ್ಲಿ ಸೇರಿತು ಎಂದು ಕಂಪ್ಯೂಟರ್ ಹೇಳಿದ ಮೇಲೆಯೇ ಪರದೆ ತನ್ನ 17ನೇ ಗೆರೆ ಬಿಡಬೇಕು. ಅಳಿಸಿದೆ ಎಂದರೆ ಆ ಕ್ಷಣವೇ ಬಿಡಬೇಕು. ನುಣುಪು ಮಾಡುವ ಲೆಕ್ಕ ಎರಡೂ ಕಡೆ ಒಂದೇ ಇರಬೇಕು. ಗೆರೆಯ ಒಡೆಯ ಕಂಪ್ಯೂಟರ್, ಪರದೆಯದು ಕೈಗಡ. ಈ ಒಂದು ಮಾತನ್ನು ಮೊದಲ ದಿನವೇ ತೀರ್ಮಾನಿಸಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಆ ತೀರ್ಮಾನ ಮಾಡಬೇಕಿದ್ದವನು ನಾನೇ.

ಈಗ ನಮ್ಮ ಕೊಠಡಿಗೆ ಬರೋಣ. ಮೊದಲ ಕೊಟೇಶನ್: ಒಂದು ದೊಡ್ಡ ಕಂಪ್ಯೂಟರ್, ಅದಕ್ಕೆ ಹತ್ತು ಸಣ್ಣ ಡಬ್ಬಿ, ಪ್ರತಿ ಡಬ್ಬಿಗೂ ಪರದೆ, ಕೀಬೋರ್ಡ್, ಮೌಸ್. ಹತ್ತು ಮಕ್ಕಳು ಒಟ್ಟಿಗೆ ಕೂರಬಹುದು. ಎರಡನೆಯದು: ಅದೇ ದುಡ್ಡಿಗೆ ಆರು ಬಿಡಿ ಕಂಪ್ಯೂಟರ್. ಹತ್ತು ದೊಡ್ಡದೋ ಆರು ದೊಡ್ಡದೋ, ಇದರಲ್ಲಿ ಕೇಳುವುದೇನಿದೆ ಎಂದು ಮೊನ್ನೆ ಹೋಟೆಲಿನ ಮುಂದೆ ಒಬ್ಬರು ಕೇಳಿದರು. ಅವರು ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ.

ಡಬ್ಬಿಯೊಳಗೆ ಏನಿದೆ ಎಂದು ಕೇಳಬೇಕು ಅಣ್ಣ. ಕಾಗದಪತ್ರ ವಿವರ ನೋಡಿದರೆ ಆ ಡಬ್ಬಿಗೆ ಸ್ವಂತ ಬುದ್ಧಿ ಕಡಿಮೆ. ಚಿತ್ರವೆಲ್ಲ ದೊಡ್ಡ ಕಂಪ್ಯೂಟರಿನಲ್ಲಿ ತಯಾರಾಗಿ ವೈರಿನಲ್ಲಿ ಬರಬೇಕು. ಇಂದಿನ ಸಾಮಾನ್ಯ ಪರದೆ 1920ಕ್ಕೆ 1080. ಸುಮಾರು 20 ಲಕ್ಷ ಚುಕ್ಕೆ, ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಒಂದು ಪರದೆಗೆ ಸೆಕೆಂಡಿಗೆ 300 ಕೋಟಿ ಬಿಟ್ ಆಗುತ್ತದೆ. ಕೊಟೇಶನ್‌ನಲ್ಲಿರುವ ವೈರು ಒಯ್ಯುವುದು 100 ಕೋಟಿ. ಹತ್ತು ಪರದೆಯ ಮಾತು ಬಿಡಿ, ಒಂದೂ ಹಿಡಿಸುವುದಿಲ್ಲ. ಹಾಗಾಗಿ ಬದಲಾದಷ್ಟನ್ನೇ ಆರಿಸಿ, ಹಿಂಡಿ, ಅಮುಕಿ ಕಳಿಸುತ್ತಾರೆ. ಕನ್ನಡ ಟೈಪ್ ಮಾಡುವುದು, ಲೆಕ್ಕದ ಪಟ್ಟಿ ಮಾಡುವುದು, ಓದುವುದು ಇಂಥ ಕೆಲಸದಲ್ಲಿ ಪರದೆಯ ಮೇಲೆ ಬದಲಾಗುವುದು ಕಡಿಮೆ, ತೊಂದರೆ ಗೊತ್ತೇ ಆಗುವುದಿಲ್ಲ. ನೋಡಿಕೊಳ್ಳಬೇಕಾದ ಯಂತ್ರವೂ ಒಂದೇ. ಪಾಠದ ಜೊತೆಗೆ ಇದನ್ನೂ ನಿಭಾಯಿಸುವ ಮೇಷ್ಟ್ರಿಗೆ ಅದು ಸಣ್ಣ ಅನುಕೂಲವಲ್ಲ. ಇದನ್ನು ಮೊದಲ ಕೊಟೇಶನ್ ಪರವಾಗಿ ಹೇಳಲೇಬೇಕು.

ಆದರೆ ನಮ್ಮ ಗಣಿತದ ಮೇಷ್ಟ್ರು ಕೊಠಡಿ ಬೇಕು ಎಂದದ್ದು ಟೈಪ್ ಮಾಡಿಸಲಿಕ್ಕಲ್ಲ. ಜಿಯೋಜೀಬ್ರಾ ಎಂಬ ಉಚಿತ ಪ್ರೋಗ್ರಾಂ ತೋರಿಸಲಿಕ್ಕೆ. ಅದರಲ್ಲಿ ತ್ರಿಭುಜ ಬರೆದು ಒಂದು ಮೂಲೆ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತ ಹೋಗುತ್ತವೆ, ಮೊತ್ತ ಮಾತ್ರ 180 ಬಿಟ್ಟು ಕದಲುವುದಿಲ್ಲ. ನಾವು ಬಾಯಿಪಾಠ ಮಾಡಿದ್ದು ಇವರಿಗೆ ಕೈಗೆ ಸಿಗುತ್ತದೆ. ಕೈ ಹೋದಂತೆ ತ್ರಿಭುಜ ಬಂದರೆ ಮಾತ್ರ. ಮೂಲೆ ಎಳೆದು ಆಮೇಲೆ ಚಿತ್ರ ತೂರಾಡುತ್ತ ಬಂದರೆ, ಹತ್ತು ಮಕ್ಕಳು ಒಟ್ಟಿಗೆ ಎಳೆದಾಗ ಇನ್ನಷ್ಟು ತಡವಾದರೆ, ಆ ಮಗು ಕೂಡ ಪೆನ್ನು ಕೆಳಗಿಟ್ಟ ಮೇಡಂ ಹಾಗೆಯೇ. ಹೇಳುವುದೂ ಇಲ್ಲ, ತನಗೇ ಕಂಪ್ಯೂಟರ್ ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತದೆ.

ನನ್ನ ಅಭಿಪ್ರಾಯ ಎರಡೂ ಅಲ್ಲ. ಕಡತಗಳೂ ಪ್ರೋಗ್ರಾಂಗಳೂ ಒಂದು ದೊಡ್ಡ ಕಂಪ್ಯೂಟರಿನಲ್ಲಿರಲಿ. ಮೇಜಿನ ಮೇಲಿನ ಯಂತ್ರ ಅಲ್ಲಿಂದ ಪ್ರೋಗ್ರಾಂ ತರಿಸಿಕೊಂಡು ತನ್ನಲ್ಲೇ ನಡೆಸಲಿ, ಚಿತ್ರ ತಾನೇ ಬರೆಯಲಿ. ಲಿನಕ್ಸ್‌ನಲ್ಲಿ ಇದಕ್ಕೆ ಉಚಿತ ವ್ಯವಸ್ಥೆ ಇದೆ. ಮೇಜಿನ ಯಂತ್ರ ಹೊಸದೇ ಆಗಬೇಕಿಲ್ಲ. ಕಚೇರಿಗಳಲ್ಲಿ ಬದಲಾಯಿಸಿ ಮೂಲೆಗಿಟ್ಟ ಐದಾರು ವರ್ಷದ ಕಂಪ್ಯೂಟರ್ ಸಾಕು. ಇಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅಂಥವು ತರಿಸಬಲ್ಲವರು ನಾಲ್ಕು ಜನರಾದರೂ ನನಗೆ ಕಾಣುತ್ತಿದ್ದಾರೆ, ತಲೆ ತಗ್ಗಿಸಬೇಡಿ. ದೊಡ್ಡ ಕಂಪ್ಯೂಟರ್ ಕೆಟ್ಟ ದಿನ ಎಲ್ಲವೂ ನಿಲ್ಲುತ್ತದೆಯಲ್ಲ ಎಂಬ ಪ್ರಶ್ನೆ ಇಲ್ಲೂ ಉಳಿಯುತ್ತದೆ. ಅದಕ್ಕೆ ಎರಡು ಯಂತ್ರಗಳಲ್ಲಾದರೂ ಪ್ರೋಗ್ರಾಂ ಸ್ವಂತಕ್ಕೆ ತುಂಬಿಡಬೇಕು, ಯು.ಪಿ.ಎಸ್. ಮೇಲೆ ಕೈಬಿಗಿ ಮಾಡಬಾರದು.

ನನ್ನ ಮಾತನ್ನೇ ನಂಬಬೇಕಿಲ್ಲ. ನಾನೂ ಒಮ್ಮೆ ಲ್ಯಾಬಿನಲ್ಲಿ ಚೆನ್ನಾಗಿ ಕಂಡದ್ದನ್ನು ನಂಬಿ ಕೆಟ್ಟವನು. ಡಬ್ಬಿಯವರು ಶನಿವಾರ ಬೆಳಗ್ಗೆ ಹತ್ತಕ್ಕೆ ಮೂರು ಡಬ್ಬಿ ತಂದು ಜೋಡಿಸಿ ತೋರಿಸುತ್ತೇನೆ ಎಂದಿದ್ದಾರೆ. ಮೌಸ್ ಬಾಣ ಚುರುಕಾಗಿ ಓಡಾಡಿದರೆ ಮರುಳಾಗಬೇಡಿ. ಬಾಣವನ್ನು ಉಳಿದ ಚಿತ್ರದಿಂದ ಬೇರೆಯಾಗಿ, ಪರದೆಯ ಹತ್ತಿರವೇ ಮೇಲೆ ಅಂಟಿಸುವ ಏರ್ಪಾಡು ಬಹಳ ಯಂತ್ರಗಳಲ್ಲಿದೆ. ಕಂಪ್ಯೂಟರ್ ಹ್ಯಾಂಗ್ ಆಗಿದ್ದರೂ ಬಾಣ ಓಡಾಡುವುದನ್ನು ನೀವೇ ನೋಡಿರುತ್ತೀರಿ. ಜಿಯೋಜೀಬ್ರಾದಲ್ಲಿ ತ್ರಿಭುಜದ ಮೂಲೆ ಹಿಡಿದು ಜೋರಾಗಿ ಸುತ್ತಿಸಬೇಕು, ಅದೇ ಹೊತ್ತಿಗೆ ಪಕ್ಕದ ಡಬ್ಬಿಯಲ್ಲಿ ವಿಡಿಯೋ ಓಡುತ್ತಿರಬೇಕು. ಎಂಟನೇ ತರಗತಿಯಿಂದ ಮೂವರು ಮಕ್ಕಳನ್ನು ಕಳಿಸಿಕೊಡಿ ಎಂದು ಮೇಡಂ ಅವರನ್ನು ಕೇಳಿದ್ದೇನೆ. ನನ್ನ ಮೊಬೈಲ್ ಕ್ಯಾಮೆರಾ ತರುತ್ತೇನೆ, ಚಿತ್ರ ಎಣಿಸುವುದನ್ನು ಆ ಮಕ್ಕಳಿಗೇ ಹೇಳಿಕೊಡುತ್ತೇನೆ. ದುಡ್ಡು ಕೊಟ್ಟವರು ಬಂದು ನೋಡಬಹುದು.